ದಕ್ಷಿಣ ಆಫ್ರಿಕಾ: ಕಲ್ಲಿದ್ದಲು ಬಿಡಿಸೋ ಸಾಲದ ಒಳಗೇನಿದೆ?

ಪ್ರಶ್ನೆ: 2021ರಲ್ಲಿ ಗ್ಲಾಸ್ಗೋ ಹವಾಮಾನ ಶೃಂಗಸಭೆಯಲ್ಲಿ ಶ್ರೀಮಂತ ದೇಶಗಳು ದಕ್ಷಿಣ ಆಫ್ರಿಕಾಕ್ಕೆ 850 ಕೋಟಿ ಡಾಲರ್ ಕೊಡ್ತೀವಿ ಅಂದವು. ಕಲ್ಲಿದ್ದಲು ಬಿಟ್ಟು ಸೌರ, ಪವನ ವಿದ್ಯುತ್ತಿಗೆ ಹೋಗೋಕೆ ಇದು ನೆರವಾ, ಒತ್ತಡವಾ?

ಉತ್ತರ 1: ಒಟ್ಟು ಮೊತ್ತ ಬಿಡಿ, ಅದರಲ್ಲಿ ಅನುದಾನ ಎಷ್ಟು ನೋಡಿ. ಸುಮಾರು ಶೇ. 4 ಮಾತ್ರ; ಉಳಿದದ್ದು ಬಹುಪಾಲು ಸಾಲ, ಇಲ್ಲವೇ ಸಾಲಕ್ಕೆ ಖಾತರಿ. ವಿದೇಶಿ ಕರೆನ್ಸಿಯಲ್ಲಿ ಸಾಲ, ಕರೆಂಟ್ ಬಿಲ್ ವಸೂಲಿ ಅಲ್ಲಿನ ಕರೆನ್ಸಿ ರಾಂಡ್‌ನಲ್ಲಿ. ರಾಂಡ್ ಕುಸಿದರೆ, ಬಿಸಿಲು ಪುಕ್ಕಟೆ ಸಿಕ್ಕರೂ ಕಂತು ಏರುತ್ತೆ.

ಉತ್ತರ 2: 2010ರಲ್ಲಿ ವಿಶ್ವಬ್ಯಾಂಕ್ ಇದೇ ದೇಶಕ್ಕೆ 375 ಕೋಟಿ ಡಾಲರ್ ಸಾಲ ಮಂಜೂರು ಮಾಡಿತ್ತು, ಬಹುಪಾಲು ಮೆಡುಪಿ ಕಲ್ಲಿದ್ದಲು ಸ್ಥಾವರಕ್ಕೆ! 2022ರಲ್ಲಿ ಅದೇ ಬ್ಯಾಂಕ್, ಕೊಮಾಟಿ ಅನ್ನೋ ಕಲ್ಲಿದ್ದಲು ಸ್ಥಾವರ ಮುಚ್ಚಿ 150 ಮೆಗಾವಾಟ್ ಸೌರ, 70 ಪವನ, 150 ಬ್ಯಾಟರಿ ಹಾಕೋಕೆ 49.7 ಕೋಟಿ ಡಾಲರ್ ಮಂಜೂರು ಮಾಡಿತು. ಸಾಲ ಕೊಡೋರ ನೀತಿ ಬದಲಾಗುತ್ತೆ, ಹಳೇ ಸಾಲ ಹಾಗೇ ಉಳಿಯುತ್ತೆ. 2025ರಲ್ಲಿ ಅಮೆರಿಕ ಗ್ಲಾಸ್ಗೋ ಒಪ್ಪಂದದಿಂದಲೇ ಹೊರಬಂತು.

ಉತ್ತರ 3: ನಿಜವಾದ ಗಂಟು ವಿದ್ಯುತ್ ಸಾಗಿಸೋ ಲೈನಿನಲ್ಲಿದೆ ಸರ್. ಒಳ್ಳೇ ಗಾಳಿ ದೇಶದ ದಕ್ಷಿಣದ ಕೇಪ್ ಪ್ರಾಂತ್ಯಗಳ ಕಡೆ, ಕಲ್ಲಿದ್ದಲು ಸ್ಥಾವರಗಳು ಹೆಚ್ಚಾಗಿ ದೂರದ ಈಶಾನ್ಯದ ಎಂಪುಮಲಾಂಗ ಪ್ರಾಂತ್ಯದಲ್ಲಿ. ಸರ್ಕಾರ ಸೌರ, ಪವನ ವಿದ್ಯುತ್ತಿಗೆ ಕರೆದ 2022ರ ಟೆಂಡರ್‌ನಲ್ಲಿ ಒಂದೂ ಪವನ ಯೋಜನೆ ಆಯ್ಕೆಯಾಗಲಿಲ್ಲ. ಕೇಪ್ ಗ್ರಿಡ್‌ನಲ್ಲಿ ಹೊಸ ವಿದ್ಯುತ್ ಸೇರಿಸೋಕೆ ಜಾಗವೇ ಇರಲಿಲ್ಲ. ಷರತ್ತಿಗೆ ಸಹಿ ಹಾಕೋ ಮುಂಚೆ ಪ್ರಸರಣ ಮಾರ್ಗಕ್ಕೆ ಎಷ್ಟು ದುಡ್ಡು, ಯಾವ ಕರೆನ್ಸಿಯಲ್ಲಿ ಅಂತ ಬರೆಸಿಕೊಳ್ಳಬೇಕು.