ಅಮ್ಮನಿಗೆ ಹಾಸ್ಪಿಸ್ ಹುಡುಕುತ್ತಿದ್ದೇನೆ. ಯಾವುದು ಒಳ್ಳೆಯದು ಅಂತ ಹೇಗೆ ತಿಳಿಯೋದು?

ಕಿರಿಮಗ

ಅಮ್ಮನಿಗೆ 71 ವರ್ಷ. ಪ್ಯಾಂಕ್ರಿಯಾಸ್ ಕ್ಯಾನ್ಸರ್. ಕಳೆದ ಮಂಗಳವಾರ ಡಾಕ್ಟರ್ ನಮ್ಮನ್ನು ಕೂರಿಸಿಕೊಂಡು, ಇನ್ನು ಕೀಮೋ ಬೇಡ, ಅದರಿಂದ ಸಂಕಟವೇ ಜಾಸ್ತಿ ಅಂದರು. ಕೊನೆಯ ದಿನಗಳಲ್ಲಿ ನೋವು, ಸಂಕಟ ಕಡಿಮೆ ಇರುವ ಹಾಗೆ ಆರೈಕೆ ಮಾಡುವ ಹಾಸ್ಪಿಸ್ ನೋಡಿಕೊಳ್ಳಿ ಅಂತ ಎರಡು ಹೆಸರು ಬರೆದುಕೊಟ್ಟರು. ಎರಡೂ ಮನೆಗೇ ಬಂದು ನೋಡಿಕೊಳ್ಳುವ ಸಂಸ್ಥೆಗಳು. ಮನೆಯಲ್ಲಿ ಆಗಲಿಲ್ಲ ಅಂದರೆ ಅವರಲ್ಲೇ ಸೇರಿಸಿಕೊಳ್ಳುತ್ತಾರೆ.

ಎರಡು ಕಡೆಗೂ ಹೋಗಿ ಬಂದೆ. ಮೊದಲನೆಯದು ಹೊಸ ಕಟ್ಟಡ. ದೊಡ್ಡ ಕಿಟಕಿಗಳು, ಮುಂದೆ ತೋಟ, ಎಲ್ಲ ಚೊಕ್ಕಟ. ಕೈಗೆ ಬಣ್ಣದ ಪುಸ್ತಕ ಕೊಟ್ಟರು. ಅದರ ತುಂಬ ಘನತೆ, ಪ್ರೀತಿ, ನೆಮ್ಮದಿ ಅನ್ನುವ ಮಾತುಗಳು. ಎರಡನೆಯದು ಹಳೇ ಕಟ್ಟಡ. ಆಕ್ಸಿಜನ್ ಸಿಲಿಂಡರ್‌ಗಳನ್ನು ಓಡಾಡುವ ಜಾಗದಲ್ಲೇ ಸಾಲಾಗಿ ನಿಲ್ಲಿಸಿದ್ದರು. ನನ್ನ ಜೊತೆ ಮಾತಾಡುತ್ತಿದ್ದ ನರ್ಸ್ ಫೋನ್ ಬಂತು ಅಂತ ಎರಡು ಸಲ ಎದ್ದು ಹೋದರು. ನಿಜ ಹೇಳಬೇಕು ಅಂದರೆ ನನಗೆ ಬೇಜಾರಾಯಿತು.

ಇದರಲ್ಲಿ ಏನು ನೋಡಬೇಕು, ಏನು ಕೇಳಬೇಕು ಅಂತಲೇ ಗೊತ್ತಾಗುತ್ತಿಲ್ಲ. ತಪ್ಪಾದರೆ ಸರಿ ಮಾಡಿಕೊಳ್ಳಲು ನಮ್ಮ ಹತ್ತಿರ ಟೈಮ್ ಇಲ್ಲ. ಅಕ್ಕ ಇನ್ನೂ ಒಪ್ಪಿಲ್ಲ. "ಅಲ್ಲಿಗೆ ಹಾಕೋದು ಅಂದ್ರೆ ನಾವೇ ಬೇಗ ಕಳಿಸಿಕೊಟ್ಟ ಹಾಗೆ" ಅಂತ ಅಳುತ್ತಾಳೆ. ಅಮ್ಮನ ಬುದ್ಧಿ ಚುರುಕಾಗೇ ಇದೆ. ಅವಳಿಗೆ ಎಲ್ಲ ಗೊತ್ತು, ಆದರೆ ನಮ್ಮ ಹತ್ತಿರ ಆ ಮಾತು ಎತ್ತುವುದಿಲ್ಲ. ರಾತ್ರಿಯೆಲ್ಲ ದಿಂಬು ಅವಚಿಕೊಂಡು ಮುಂದಕ್ಕೆ ಬಾಗಿ ಕೂತಿರುತ್ತಾಳೆ. ಮಲಗಿದರೆ ಹೊಟ್ಟೆ, ಬೆನ್ನು ಎರಡೂ ನೋವಂತೆ.

ಈ ದಾರಿಯಲ್ಲಿ ಹೋಗಿ ಬಂದವರು ದಯವಿಟ್ಟು ಹೇಳಿ. ಇನ್ನು ಒಂದು ವಾರದೊಳಗೆ ತೀರ್ಮಾನ ಮಾಡಬೇಕು.

ಅಪ್ಪನ ಮಗಳು

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಮೂರು ವರ್ಷದ ಹಿಂದೆ ನಾನೂ ಇದನ್ನೇ ಕೇಳಿಕೊಂಡು ಓಡಾಡಿದ್ದೆ. ನಾನು ಒಂದಲ್ಲ, ಎರಡು ಹಾಸ್ಪಿಸ್ ನೋಡಿದ್ದೇನೆ. ಮೊದಲನೆಯದನ್ನು ಹನ್ನೊಂದು ದಿನಕ್ಕೆ ಬಿಟ್ಟೆವು. ಹಾಗಾಗಿ ಹೇಳುತ್ತೇನೆ.

ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್ ಮೂಳೆಗೆ ಹರಡಿತ್ತು. ಮೊದಲನೇ ಸಂಸ್ಥೆಯವರು ಹಗಲು ಹೊತ್ತು ತುಂಬಾ ಚೆನ್ನಾಗಿದ್ದರು. ನಗುನಗುತ್ತಾ ಬರುತ್ತಿದ್ದರು, ಬಿ.ಪಿ. ನೋಡುತ್ತಿದ್ದರು, ಹೋಗುತ್ತಿದ್ದರು. ನಾವೂ ಖುಷಿಯಾಗಿದ್ದೆವು. ಹತ್ತನೇ ದಿನ ರಾತ್ರಿ ಎರಡು ಗಂಟೆಗೆ ಅಪ್ಪನಿಗೆ ಸೊಂಟದ ನೋವು ಶುರುವಾಯಿತು. ಅವರು ಕೂಗುವವರಲ್ಲ. ಹಲ್ಲು ಕಚ್ಚಿಕೊಂಡು ಗೋಡೆ ಕಡೆ ತಿರುಗಿದರು. '24 ಗಂಟೆ ಸೇವೆ' ಅಂತ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದವರಿಗೆ ಅಪ್ಪ ಯಾರು ಅಂತಲೇ ಗೊತ್ತಿರಲಿಲ್ಲ. ಹೆಸರಿನ ಅಕ್ಷರ ಹೇಳಿ ಅಂದರು. ಕಾಯಿಲೆ ಏನು ಅಂದರು. ಆಮೇಲೆ "ಡಾಕ್ಟರಿಗೆ ತಿಳಿಸುತ್ತೇವೆ, ಬೆಳಿಗ್ಗೆ ನೋಡುತ್ತಾರೆ" ಅಂತ ಇಟ್ಟರು. ಮನೆಯಲ್ಲಿ ನೋವು ಜಾಸ್ತಿಯಾದಾಗ ಕೊಡುವಂಥದ್ದು ಏನೂ ಇರಲಿಲ್ಲ. ಬೆಳಿಗ್ಗೆ 6:40ಕ್ಕೆ ವಾಪಸ್ ಫೋನ್ ಬಂತು. ಆ ನಾಲ್ಕೂವರೆ ಗಂಟೆ ಅಪ್ಪನ ಕೈ ಹಿಡಿದುಕೊಂಡು ಕೂತಿದ್ದೆ. ಅದೊಂದೇ ನನಗೆ ಮಾಡಲು ಆಗಿದ್ದು.

ಎರಡನೆಯವರ ನರ್ಸ್ ಮೊದಲ ದಿನ ಬಂದವರು ಒಂದೂವರೆ ಗಂಟೆ ಕೂತರು. ಫೈಲ್ ತೆಗೆಯಲಿಲ್ಲ. ಕುರ್ಚಿ ಎಳೆದುಕೊಂಡು ಅಪ್ಪನ ಮುಖಕ್ಕೆ ಸಮನಾಗಿ ಕೂತು, "ನಿಮಗೆ ಎಲ್ಲಕ್ಕಿಂತ ಜಾಸ್ತಿ ಭಯ ಯಾವುದರದ್ದು?" ಅಂತ ಕೇಳಿದರು. ನಾವು ಮನೆಯವರು ಯಾರೂ ಕೇಳಿರಲಿಲ್ಲ ಅದನ್ನು. ಅಪ್ಪ ತಡಮಾಡದೆ ಹೇಳಿದರು: "ಉಸಿರು ಕಟ್ಟಿ ಹೋಗೋದು." ಆಕೆ "ಹಾಗೆಲ್ಲ ಆಗಲ್ಲ ಬಿಡಿ" ಅಂತ ತೇಲಿಸಲಿಲ್ಲ. ಉಸಿರಾಟ ಕಷ್ಟವಾದರೆ ಮೊದಲು ಏನು ಕೊಡುತ್ತೇವೆ, ಅದು ಸಾಲದಿದ್ದರೆ ಏನು, ಹೇಗೆ ಕೂರಿಸಬೇಕು, ಮುಖಕ್ಕೆ ಸಣ್ಣ ಫ್ಯಾನ್ ಹಿಡಿದರೆ ಹೇಗೆ ಹಾಯೆನಿಸುತ್ತದೆ ಅಂತ ಒಂದೊಂದಾಗಿ ಹೇಳಿದರು. ಫ್ಯಾನ್ ಅಂದಾಗ ನನಗೆ ನಂಬಿಕೆ ಬರಲಿಲ್ಲ. ಕೊನೆ ವಾರದಲ್ಲಿ ಅಪ್ಪ ಅದನ್ನು ಕೈಯಿಂದ ಬಿಡಲೇ ಇಲ್ಲ.

ಹೋಗುವ ಮುಂಚೆ ಒಂದು ಡಬ್ಬ ಕೊಟ್ಟರು. ನೋವಿಗೆ, ವಾಂತಿಗೆ, ಗಾಬರಿಗೆ, ಗಂಟಲಲ್ಲಿ ಗೊರಗೊರ ಅಂದರೆ ಅದಕ್ಕೆ, ಒಂದೊಂದಕ್ಕೂ ಬೇರೆ ಪೊಟ್ಟಣ. ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. "ಇದನ್ನು ಈಗ ಮುಟ್ಟಬೇಡಿ. ರಾತ್ರಿ ಬೇಕಾದಾಗ ಫೋನ್ ಮಾಡಿ, ಯಾವುದು ಎಷ್ಟು ಅಂತ ನಾವು ಹೇಳುತ್ತೇವೆ. ಔಷಧಿ ಅಂಗಡಿ ಹುಡುಕಿಕೊಂಡು ಓಡುವ ಹಾಗಾಗಬಾರದು" ಅಂದರು. ಆ ಡಬ್ಬ ನೋಡಿದ ಮೇಲೆ ಅಪ್ಪ ನಿದ್ದೆ ಮಾಡಿದರು. ಔಷಧಿ ತಗೊಂಡಿದ್ದಕ್ಕಲ್ಲ, ಅದು ಮನೆಯಲ್ಲಿ ಇದೆ ಅನ್ನುವ ಧೈರ್ಯಕ್ಕೆ.

ಅವರೂ ತಪ್ಪು ಮಾಡಿದ್ದುಂಟು. ಒಂದು ಸಲ ಸಂಜೆಯ ಮಾತ್ರೆ ಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ನಮಗೆ ಗೊತ್ತೇ ಆಗಿರಲಿಲ್ಲ. ಮರುದಿನ ಅವರೇ ಫೋನ್ ಮಾಡಿ, ನಮ್ಮ ಕಡೆಯಿಂದ ಹೀಗಾಗಿದೆ, ಕ್ಷಮಿಸಿ ಅಂತ ಹೇಳಿದರು. ಅವತ್ತಿನಿಂದ ಅವರ ಮೇಲೆ ನನ್ನ ನಂಬಿಕೆ ಇನ್ನೂ ಜಾಸ್ತಿ ಆಯಿತು.

ನಿಮ್ಮ ಜೊತೆ ಮಾತಾಡುವಾಗ ಫೋನಿಗೆ ಎದ್ದು ಹೋದ ನರ್ಸ್ ಬಗ್ಗೆ ಇನ್ನೊಂದು ಸಲ ಯೋಚಿಸಿ. ಆ ಕಡೆ ಯಾರದೋ ಮನೆಯಲ್ಲಿ ಯಾರೋ ನರಳುತ್ತಿದ್ದಿರಬಹುದು, ಅಲ್ವಾ? ನಾಳೆ ಆ ಫೋನ್ ನಿಮ್ಮದೇ ಆಗಿರುತ್ತದೆ.

ರಾತ್ರಿಪಾಳಿ

ನಾನು ಪಾಲಿಯೇಟಿವ್ ಕೇರ್‌ನಲ್ಲಿ, ಅಂದರೆ ದೊಡ್ಡ ಕಾಯಿಲೆ ಇರುವವರ ನೋವು, ಸಂಕಟ ಕಡಿಮೆ ಮಾಡುವ ಆರೈಕೆಯಲ್ಲಿ, ಹದಿನಾಲ್ಕು ವರ್ಷದಿಂದ ನರ್ಸ್. ಜಾಸ್ತಿ ರಾತ್ರಿ ಡ್ಯೂಟಿ. ಮೇಲಿನ ಅಕ್ಕ ಮುಖ್ಯವಾದದ್ದನ್ನೆಲ್ಲ ಹೇಳಿದ್ದಾರೆ. ಒಳಗಿನವಳಾಗಿ ಕೆಲವು ಮಾತು ಸೇರಿಸುತ್ತೇನೆ.

ಮೊದಲು ನಿಮ್ಮ ಅಕ್ಕನ ಭಯದ ಬಗ್ಗೆ. ಹಾಸ್ಪಿಸ್ ಅಂದರೆ ಸಾವನ್ನು ಬೇಗ ತರುವುದಲ್ಲ, ತಳ್ಳುವುದೂ ಅಲ್ಲ. 2010ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. ಮುಂದುವರಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರಲ್ಲಿ ಕೆಲವರಿಗೆ ಚಿಕಿತ್ಸೆಯ ಜೊತೆಗೆ ಶುರುವಿನಿಂದಲೇ ಪಾಲಿಯೇಟಿವ್ ಆರೈಕೆ ಕೊಟ್ಟರು. ಅವರು ಬದುಕಿದ ಮಧ್ಯಮ ಅವಧಿ 11.6 ತಿಂಗಳು. ಬರೀ ಮಾಮೂಲಿ ಚಿಕಿತ್ಸೆ ತಗೊಂಡವರದ್ದು 8.9 ತಿಂಗಳು. ನಿಮ್ಮ ತಾಯಿಗೂ ಹೀಗೇ ಆಗುತ್ತದೆ ಅಂತ ಹೇಳುತ್ತಿಲ್ಲ. ಅವರ ಕಾಯಿಲೆ ಬೇರೆ, ಹಂತ ಬೇರೆ. ಆದರೆ ನೋವು ಕಡಿಮೆ ಮಾಡಿದರೆ ಆಯುಸ್ಸು ಕಡಿಮೆಯಾಗುತ್ತದೆ ಅನ್ನುವ ಭಯವನ್ನು ಅಕ್ಕ ಬಿಡಬಹುದು.

ಈಗ ಕೇಳಬೇಕಾದದ್ದು. "ನೋವಿಗೆ ಔಷಧಿ ಕೊಡ್ತೀರಾ?" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಜೋರು ನೋವಿಗೆ ಕೊಡುವ ಮಾರ್ಫಿನ್ ನಿಮ್ಮಲ್ಲೇ ಇದೆಯಾ, ಮುಗಿದರೆ ಎಷ್ಟು ಹೊತ್ತಿಗೆ ಸಿಗುತ್ತದೆ ಅಂತ ಕೇಳಿ. ಅದು ಹೊತ್ತು ಹೊತ್ತಿಗೆ ಕೊಡಬೇಕಾದ ಔಷಧಿ. ಮಾಮೂಲಿ ಮಾರ್ಫಿನ್ ಆದರೆ ನಾಲ್ಕು ಗಂಟೆಗೊಮ್ಮೆ. ನೋವು ಬಂದ ಮೇಲೆ ಕೊಡೋಣ ಅಂತ ಕಾಯುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದ ಮಾತು ಇದು. ಅದರ ಮೇಲೂ ಮಧ್ಯೆ ನೋವು ಉಕ್ಕಿದರೆ ಕೊಡಲು ಬೇರೆ ಡೋಸ್ ಬರೆದಿರಬೇಕು. ಸಾಮಾನ್ಯವಾಗಿ ಇಡೀ ದಿನದ ಮಾರ್ಫಿನ್‌ನ ಆರನೇ ಒಂದು ಪಾಲಿನಷ್ಟು ಇರುತ್ತದೆ. ಲೆಕ್ಕ ನೀವು ಹಾಕಬೇಡಿ, ಅದು ಡಾಕ್ಟರ ಕೆಲಸ. ಅಂಥದ್ದು ಬರೆದಿಡುತ್ತೀರಾ ಅಂತ ಮಾತ್ರ ಕೇಳಿ. ಮಾರ್ಫಿನ್ ಜೊತೆಗೆ ಮಲಬದ್ಧತೆಗೂ ಔಷಧಿ ಮೊದಲ ದಿನದಿಂದಲೇ ಶುರು ಮಾಡುವವರು ಕೆಲಸ ಬಲ್ಲವರು. ಹೊಟ್ಟೆ ಕಟ್ಟಿಕೊಂಡ ಮೇಲೆ ಯೋಚಿಸುವವರ ಹತ್ತಿರ ಹುಷಾರಾಗಿರಿ. ಇದು ಸಣ್ಣ ವಿಷಯ ಅನಿಸಬಹುದು. ಪ್ಯಾಂಕ್ರಿಯಾಸ್ ಕಾಯಿಲೆ ಇರುವವರಿಗೆ ಸಣ್ಣದಲ್ಲ.

ಮಾತ್ರೆ ನುಂಗಲು ಆಗದ ದಿನ ಬರುತ್ತದೆ. ಆಗ ಏನು ಮಾಡುತ್ತೀರಿ ಅಂತಲೂ ಕೇಳಿ. ಚರ್ಮದ ಕೆಳಗೆ ಸಣ್ಣ ಸೂಜಿ ಇಟ್ಟು, ಪುಟ್ಟ ಪಂಪಿನಿಂದ ಇಡೀ ದಿನ ನಿಧಾನಕ್ಕೆ ಔಷಧಿ ಹೋಗುವ ಹಾಗೆ ಮಾಡಬಹುದು. ಅದನ್ನು ಮನೆಯಲ್ಲೇ ಹಾಕಲು ಬರುತ್ತದೆಯಾ, ಅಥವಾ ಅದಕ್ಕೆ ಆಂಬುಲೆನ್ಸ್‌ನಲ್ಲಿ ಕರೆದುಕೊಂಡು ಹೋಗಬೇಕಾ?

ಇನ್ನೊಂದು. ನೋವಿನ ಚಾರ್ಟ್ ಹೇಗೆ ಬರೆಯುತ್ತೀರಿ ಅಂತ ಕೇಳಿ. ಸೊನ್ನೆಯಿಂದ ಹತ್ತರೊಳಗೆ ಅಂಕ ಹಾಕುತ್ತೇವೆ. ಒಳ್ಳೆಯ ಚಾರ್ಟ್‌ನಲ್ಲಿ 2:10ಕ್ಕೆ 7, ಔಷಧಿ ಕೊಟ್ಟೆ, 2:50ಕ್ಕೆ 3 ಅಂತ ಇರುತ್ತದೆ. ಕೊಟ್ಟ ಮೇಲೆ ಮತ್ತೆ ಹೋಗಿ ಕೇಳಿದ್ದಾರೆ ಅಂತ ಅರ್ಥ. ಮೂರು ಹೊತ್ತೂ ಒಂದೇ ಅಂಕ, ಒಂದೇ ಪೆನ್ನು, ಒಂದೇ ಓಟದ ಅಕ್ಷರ ಇದ್ದರೆ ಅದನ್ನು ಪಾಳಿ ಮುಗಿಯುವಾಗ ಕೂತು ತುಂಬಿಸಿದ್ದಾರೆ. ಬೇರೆ ರೋಗಿಯ ಚಾರ್ಟ್ ತೋರಿಸಿ ಅನ್ನಬೇಡಿ. ಕೇಳದೆಯೇ ತೋರಿಸಿದರೆ ನಾಳೆ ನಿಮ್ಮ ತಾಯಿಯದ್ದನ್ನೂ ಬೇರೆಯವರಿಗೆ ಹಾಗೇ ತೋರಿಸುತ್ತಾರೆ. ಖಾಲಿ ಹಾಳೆ ಕೊಟ್ಟು ವಿವರಿಸಿ ಅನ್ನಿ, ಸಾಕು.

ರಾತ್ರಿ ಎಷ್ಟು ನರ್ಸ್‌ಗಳು ಎಷ್ಟು ಮನೆ ನೋಡಿಕೊಳ್ಳುತ್ತಾರೆ ಅಂತ ನೇರವಾಗಿ ಕೇಳಿ. ಲೆಕ್ಕ ಹೇಳುವವರು ನಿಮ್ಮ ಮುಖ ನೋಡಿ ಹೇಳುತ್ತಾರೆ. ಪರೀಕ್ಷೆ ಮಾಡಬೇಕು ಅನಿಸಿದರೆ ಸಂಜೆ ಹೊತ್ತು ಮೀರಿದ ಮೇಲೆ ಅವರ ನಂಬರಿಗೆ ಫೋನ್ ಮಾಡಿ. ಆದರೆ ಸುಳ್ಳು ತುರ್ತು ಹೇಳಬೇಡಿ. ಆ ಹತ್ತು ನಿಮಿಷ ಇನ್ನೊಬ್ಬರ ಮನೆಗೆ ಸೇರಿದ್ದಿರಬಹುದು. "ಅಮ್ಮನನ್ನು ಸೇರಿಸಬೇಕು ಅಂತಿದ್ದೇವೆ, ರಾತ್ರಿ ಯಾರು ಎತ್ತುತ್ತಾರೆ ಅಂತ ತಿಳಿಯಬೇಕಿತ್ತು" ಅಂತ ಇದ್ದದ್ದನ್ನೇ ಹೇಳಿ. ನಾನಾದರೆ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ನಮ್ಮ ಕೆಲಸಕ್ಕೆ ಈಗಿನ ರೂಪ ಕೊಟ್ಟವರು ಸಿಸಿಲಿ ಸೌಂಡರ್ಸ್. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಶುರು ಮಾಡಿದರು. ಅವರು ಮೊದಲು ನರ್ಸ್ ಆಗಿದ್ದವರು, ಡಾಕ್ಟರ್ ಆದದ್ದು ಆಮೇಲೆ. ನೋವು ಅಂದರೆ ಮೈಯದ್ದು ಮಾತ್ರ ಅಲ್ಲ, ಮನಸ್ಸಿನದ್ದು, ಮನೆಯದ್ದು, ನಂಬಿಕೆಯದ್ದೂ ಸೇರಿಕೊಂಡಿರುತ್ತದೆ ಅಂದವರು ಅವರೇ. ಬಂದ ನರ್ಸ್ ನಿಮ್ಮನ್ನು, ನಿಮ್ಮ ಅಕ್ಕನನ್ನು "ನೀವು ಎಷ್ಟು ಹೊತ್ತು ಮಲಗಿದಿರಿ?" ಅಂತ ಕೇಳುತ್ತಾರಾ ನೋಡಿ. ನನ್ನ ಕೈಕೆಳಗೆ ಹೊಸಬರು ಬಂದರೆ ನಾನು ಗಮನಿಸುವುದು ಇದನ್ನೇ.

ಹಳೇ ಮೇಷ್ಟ್ರು

ನನ್ನ ಹೆಂಡತಿಗೆ ಮರೆವಿನ ಕಾಯಿಲೆ ಇತ್ತು. ಕೊನೆಯ ವರ್ಷ ಮಾತೇ ಇರಲಿಲ್ಲ. ಅಂಥವರಿಗೆ ಸೊನ್ನೆಯಿಂದ ಹತ್ತು ಅಂಕ ಕೇಳಿದರೆ ಏನು ಹೇಳುತ್ತಾರೆ? ಒಬ್ಬರು "ಅವರಿಗೆ ನೋವು ಗೊತ್ತಾಗಲ್ಲ ಬಿಡಿ ಸಾರ್" ಅಂದುಬಿಟ್ಟರು. ನನಗೆ ಎದೆ ಉರಿದುಹೋಯಿತು. ಇನ್ನೊಬ್ಬ ಹುಡುಗಿ ಬಂದಳು. ಉಸಿರು, ನರಳುವ ಸದ್ದು, ಮುಖ, ಮೈಯ ಬಿಗಿ, ಸವರಿದರೆ ಸಮಾಧಾನ ಆಗುತ್ತಾರೋ ಇಲ್ಲವೋ, ಈ ಐದನ್ನು ನೋಡಿ ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ ಹಾಕುತ್ತೇವೆ ಅಂದಳು. ಮಗ್ಗುಲು ಬದಲಿಸುವಾಗ ಮಾತ್ರ ಹುಬ್ಬು ಗಂಟಾಗುತ್ತದೆ ಅಂತ ಅರ್ಧ ದಿನದಲ್ಲಿ ಕಂಡುಹಿಡಿದಳು. ಅದಕ್ಕೂ ಅರ್ಧ ಗಂಟೆ ಮೊದಲೇ ಔಷಧಿ ಕೊಡುವ ಹಾಗೆ ಮಾಡಿದಳು. ನಲವತ್ತೊಂಬತ್ತು ವರ್ಷ ಜೊತೆಗಿದ್ದ ನನಗೆ ಅದು ಕಂಡಿರಲಿಲ್ಲ.

ನಿಮ್ಮ ತಾಯಿ ಈಗ ಚುರುಕಾಗಿದ್ದಾರೆ, ಸರಿ. ಕೊನೆಯ ದಿನಗಳಲ್ಲಿ ಮಂಪರು ಬರುತ್ತದೆ. ಆಗ ಅವರ ನೋವನ್ನು ಹೇಗೆ ಗುರುತಿಸುತ್ತೀರಿ ಅಂತ ಈಗಲೇ ಕೇಳಿಟ್ಟುಕೊಳ್ಳಿ, ಮಗೂ.

ಕಿರಿಮಗ

ಎಲ್ಲರಿಗೂ ಕೈಮುಗಿಯುತ್ತೇನೆ. ಅಕ್ಕನಿಗೆ ಎಲ್ಲ ಓದಿ ಹೇಳಿದೆ. ಡಬ್ಬದ ವಿಷಯ ಬಂದಾಗ ಇನ್ನೊಂದು ಸಲ ಓದು ಅಂದಳು.

ಭಾನುವಾರ ರಾತ್ರಿ ಒಂಬತ್ತೂವರೆಗೆ ಎರಡು ಕಡೆಗೂ ಫೋನ್ ಮಾಡಿದೆ. ಇದ್ದದ್ದನ್ನೇ ಹೇಳಿದೆ. ಹೊಸ ಕಟ್ಟಡದವರಲ್ಲಿ ಮೊದಲು ರೆಕಾರ್ಡ್ ಮಾಡಿದ ದನಿ, ಆಮೇಲೆ ಒಬ್ಬರು ನನ್ನ ನಂಬರ್ ಬರೆದುಕೊಂಡರು. ಮರುದಿನ ಮಧ್ಯಾಹ್ನದವರೆಗೂ ಯಾರೂ ಮಾಡಲಿಲ್ಲ. ಹಳೇ ಕಟ್ಟಡದವರ ಫೋನನ್ನು ನರ್ಸೇ ಎತ್ತಿದರು. "ಒಬ್ಬರ ಮನೆಯಲ್ಲಿದ್ದೇನೆ, ಇಪ್ಪತ್ತು ನಿಮಿಷ ಬಿಟ್ಟು ಮಾಡ್ತೀನಿ" ಅಂದರು. ಇಪ್ಪತ್ತೈದು ನಿಮಿಷಕ್ಕೆ ಮಾಡಿದರು. ಐದು ನಿಮಿಷ ತಡವಾಯಿತು ಅಂತ ಕ್ಷಮೆ ಕೇಳಿದರು. ರಾತ್ರಿ ಎಷ್ಟು ಜನ ಇರುತ್ತೀರಿ ಅಂದಿದ್ದಕ್ಕೆ "ಇಬ್ಬರು, ಹದಿನೆಂಟು ಮನೆ. ಒಂದೊಂದು ರಾತ್ರಿ ಕಷ್ಟ ಆಗುತ್ತೆ, ಆಗ ಡಾಕ್ಟರೇ ಹೊರಡ್ತಾರೆ" ಅಂದರು. ಮಾರ್ಫಿನ್, ಪಂಪು, ಹೊಟ್ಟೆ ಕಟ್ಟುವುದು ಎಲ್ಲದಕ್ಕೂ ಉತ್ತರ ಬಂತು.

ಬುಧವಾರ ಅವರ ನರ್ಸ್ ಮನೆಗೆ ಬಂದರು. ಅವತ್ತು ಫೋನಿಗೆ ಎದ್ದು ಹೋದವರೇ. ಅಮ್ಮ ನಮ್ಮಿಬ್ಬರನ್ನೂ ಹೊರಗೆ ಹೋಗಿ ಅಂದಳು. ಬಾಗಿಲು ಮುಚ್ಚಿಕೊಂಡು ನಲವತ್ತು ನಿಮಿಷ ಮಾತಾಡಿದರು. ಏನು ಅಂತ ನಮಗೆ ಗೊತ್ತಿಲ್ಲ. ಅಕ್ಕ ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು. ಬಾಗಿಲು ತೆಗೆದಾಗ ಅಮ್ಮನ ಕಣ್ಣು ಕೆಂಪಾಗಿತ್ತು, ಮುಖ ಹಗುರವಾಗಿತ್ತು. "ಇವರೇ ಇರಲಿ ಕಣೋ" ಅಂದಳು.

ನರ್ಸ್ ಹೊರಡುವಾಗ ಅಕ್ಕನನ್ನು ಕೇಳಿದರು, ರಾತ್ರಿ ಎಷ್ಟು ಹೊತ್ತು ಮಲಗಿದಿರಿ ಅಂತ. ಅಕ್ಕನಿಗೆ ಉತ್ತರ ಕೊಡಲು ಆಗಲಿಲ್ಲ.

ಇವತ್ತು ಶನಿವಾರ. ಡಬ್ಬ ಅಮ್ಮನ ತಲೆದೆಸೆಯಲ್ಲಿದೆ. ನೋವಿನ ಲೆಕ್ಕಕ್ಕೆ ಒಂದು ನೋಟ್‌ಬುಕ್ ಇಟ್ಟಿದ್ದೇವೆ, ಅಂಕ ಅಮ್ಮನೇ ಬರೆಯುತ್ತಾಳೆ. ನಿನ್ನೆ ರಾತ್ರಿ 11:20ಕ್ಕೆ 6 ಇತ್ತು. ಹನ್ನೆರಡಕ್ಕೆ 3. ಅದಾದ ಮೇಲೆ ಬೆಳಿಗ್ಗೆ ಐದರವರೆಗೆ ಏನೂ ಬರೆದಿಲ್ಲ. ಮಲಗಿಕೊಂಡೇ ನಿದ್ದೆ ಮಾಡಿದ್ದಳು.