ಪಡ್ಡೆ ಅಂದ್ರ ಎಮ್ಮಿನಾ?

ಮೊನ್ನೆ ಸಂಜೀಕ ಸಿರುಗುಪ್ಪದಾಗ ಮಿರ್ಚಿ ಬಂಡಿ ಹತ್ರ ಕುಂತಿದ್ವಿ, ನಾಕೂ ಮಂದಿ ನಲವತ್ತು ದಾಟಿದೋರೇ, ಒಗ್ಗರಣಿ ಪ್ಲೇಟು ಇನ್ನೂ ಬಂದಿರಲಿಲ್ಲ, ಅಷ್ಟ್ರಾಗ ಮೂರು ಹುಡುಗ್ರು ಒಂದೇ ಬೈಕ್‌ನಾಗ ಬುರ್ರ್ ಅಂತ ಮೈಮ್ಯಾಲೇ ಬಂದಂಗ ಹೋದ್ರು. "ಥೂ, ಪಡ್ಡೆ ಹುಡುಗ್ರು" ಅಂದ ವೀರೇಶ.

ಬಾಜೂಕಿದ್ದ ದೊಡ್ಡಪ್ಪ, ದನದ ಯಾಪಾರದಾಗೇ ಕೂದಲು ಬೆಳ್ಳಗ ಮಾಡ್ಕಂಡೋರು, "ತಮ್ಮಾ, ಪಡ್ಡೆ ಅಂದ್ರೇನು ಗೊತ್ತೈತೇನು?" ಅಂದ್ರು.

"ಅದೇ ದೊಡ್ಡಪ್ಪ, ಪೋಲಿಗಳು."

"ಪೋಲಿ ಅಲ್ಲಲೇ, ಎಮ್ಮಿ! ಬೆಳೆದಿರ್ತತಿ, ಇನ್ನೂ ಈದಿರಲ್ಲ, ಅಂಥ ಹೆಣ್ಣೆಮ್ಮಿ."

ಬಸ್ಯಾ ಸುತಾರಾಂ ಒಪ್ಪಲಿಲ್ಲ. ಗಂಡ್ಹುಡುಗ್ರಿಗೆ ಹೆಣ್ಣೆಮ್ಮಿ ಹೆಸರಾ, ಕೋಣ ಅಂದಿದ್ರೂ ಒಂದು ಮರ್ಯಾದಿ ಇತ್ತು ಅಂತ ವಾದ. ಅವನ ಹೆಂಡ್ತಿ ಆದೋನಿಯಾಕಿ, ಫೋನ್ ಹಚ್ಚಿ ಕೇಳಿದ, ಆಕಿ ನಕ್ಕು "ನಮ್ ತೆಲುಗಿನ್ಯಾಗೂ ಪಡ್ಡ ಅಂದ್ರ ಅದೇ ರೀ, ಯಾಕ, ಎಮ್ಮಿ ತರಾಕತ್ತೀರೇನು" ಅಂದ್ಳು. ಫೋನ್ ಕಟ್ ಮಾಡಿದ.

ಆಕಳದ್ದಾದ್ರ ಮಣಕ, ಮೈಸೂರು ಕಡೆ ಕಡಸು ಅಂತಾರ, ಗಂಡಾದ್ರ ಹೋರಿ. ನಾನೂ ಕನ್ನಡ ಬಿಎ ಓದಿದೋನು, ಸುಮ್ನಿರಾಕಾಗ್ತತಾ? ನಮ್ಮ ಕರು ತಮಿಳಿನ್ಯಾಗ ಕನ್ಱು, ಅವ್ವ ಮಗೀಗೆ ಕಂದಾ ಅಂತಾಳಲ್ಲ ಅದೂ ಅದೇ ಬಳಗ, ಈಗ ತಾನೆ ಈದ ಆಕಳಿಗೆ ಎಳಗಂದಿ ಅನ್ನೋದೂ ಅದರಿಂದಾನೇ ಅಂತ ಊದಿದೆ. "ಅಂದ್ರ ನಮ್ಮವ್ವ ಇಷ್ಟ್ ವರ್ಷ ನನ್ನ ಕರು ಅಂತಿದ್ಳಾ?" ಅಂದ ವೀರೇಶ. ಅವ್ರವ್ವನ ಲೆಕ್ಕ ತಪ್ಪಿಲ್ಲ ಬಿಡ್ರಿ.

"ಅದಿರ್ಲಿ, ಹುಡುಗ್ರಿಗೆ ಯಾಕ ಪಡ್ಡೆ ಅಂತಾರ?" ಬಸ್ಯಾ ಬಿಡವಲ್ಲ.

ದೊಡ್ಡಪ್ಪ ಮಿರ್ಚಿ ಮುರಿಕಂತ ಶುರು ಮಾಡಿದ್ರು. "ನೋಡ್ ತಮ್ಮಾ, ಎಮ್ಮಿ ಮೊದ್ಲ ಸಲ ಈಯಾಕ 3-4 ವರ್ಷ ಬೇಕು, ಅಲ್ಲೀ ತನಕ ಹಿಂಡಂಗಿಲ್ಲ, ನೇಗ್ಲಿಗೆ ಹೂಡಂಗಿಲ್ಲ, ಹೊಟ್ಟು ಮೇವು ಮಾತ್ರ ದೊಡ್ಡೆಮ್ಮಿ ಸಮ ತಿಂತತಿ, ತಿಂದು ಹಗ್ಗ ಹರ್ಕಂಡು ಊರೆಲ್ಲ ಜಿಗೀತತಿ, ಹಿಡಿಯಾಕ ಹೋದ್ರ ಒದೀತತಿ. ಈಗ ಹೇಳು, ಹೆಸ್ರು ತಪ್ಪಾ?"

ಬಸ್ಯಾ ಗಪ್ಪಾದ. ಮಗ ಬಿಇ ಮುಗಿಸಿ ಮನ್ಯಾಗ ಕುಂತು ಎರಡು ವರ್ಷ ಆತು, ಬೈಕ್ ಬ್ಯಾರೆ ಕೊಡ್ಸ್ಯಾನ.

ಅಷ್ಟ್ರಾಗ ಬಂಡಿಯೋನು ನೂರಾ ಎಂಬತ್ತು ಅಂದ. ನಾಕೂ ಮಂದಿಗೆ ಒಮ್ಮೆಲೇ ಮೊಬೈಲ್‌ನಾಗ ಅರ್ಜೆಂಟ್ ಕೆಲ್ಸ ಬಂತು. ದೊಡ್ಡಪ್ಪ ಅಂಗಿ ಒಳಗಿನ ಜೇಬಿಗೆ ಕೈ ಹಾಕಿ, "ಇರ್ಲಿ ಕುಂದ್ರಪ್ಪಾ, ಪಡ್ಡೆ ಹಿಂಡಾಕ ಹೋಗಬಾರ್ದು" ಅಂತ ರೊಕ್ಕ ಕೊಟ್ರು.