‘ವಿಕಿ’ ಎಂಬ ಪದ ಯಾವ ಭಾಷೆಯದು, ಅದರ ಅರ್ಥವೇನು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ವಿದ್ಯಾರ್ಥಿಗಳು ಪ್ರಬಂಧದ ಕೊನೆಯಲ್ಲಿ ‘ಆಧಾರ: ವಿಕಿ’ ಎಂದಷ್ಟೇ ಬರೆದುಕೊಡುವುದು ಈಗ ವಾಡಿಕೆಯಾಗಿದೆ. ಹಾಗೆಂದರೇನು ಎಂದು ಕೇಳಿದರೆ, ‘ವಾಟ್ ಐ ನೋ ಈಸ್’ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳನ್ನು ಕೂಡಿಸಿದ ಪದವೆಂದು ಒಬ್ಬರೂ ವಿಕಿಪೀಡಿಯದ ಮೊಟಕು ರೂಪವೆಂದು ಇನ್ನೊಬ್ಬರೂ ಹೇಳುತ್ತಾರೆ. ಇವುಗಳಲ್ಲಿ ಯಾವುದು ಸರಿ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಗುರುಗಳೇ, ಎರಡೂ ಸರಿಯಲ್ಲ. ‘ವಿಕಿ’ ಹವಾಯಿ ದ್ವೀಪಗಳ ಭಾಷೆಯ ಪದ. ‘ಬೇಗ’ ಎಂದು ಅದರ ಅರ್ಥ. ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನ್ನಿಂಗ್‌ಹ್ಯಾಮ್ ಮೊದಲ ಬಾರಿ ಹವಾಯಿಗೆ ಹೋದಾಗ, ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಹೋಗಲು ‘ವಿಕಿ ವಿಕಿ’ ಬಸ್ಸು ಹತ್ತಿರೆಂದು ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದವರು ಹೇಳಿದರಂತೆ. ಅವರು ಕಲಿತ ಮೊದಲ ಹವಾಯಿ ಪದವೇ ಅದು. ಮುಂದೆ 1995ರ ಮಾರ್ಚ್ 25ರಂದು, ಪ್ರೋಗ್ರಾಮರ್‌ಗಳು ತಮ್ಮ ಅನುಭವವನ್ನು ಹಂಚಿಕೊಳ್ಳುವುದಕ್ಕಾಗಿ, ಯಾರು ಬೇಕಾದರೂ ತಿದ್ದಬಹುದಾದ ಜಾಲತಾಣವೊಂದನ್ನು ತೆರೆದ ಅವರು, ಅದನ್ನು ‘ಕ್ವಿಕ್ ವೆಬ್’ ಎಂದು ಕರೆಯುವ ಬದಲು ‘ವಿಕಿವಿಕಿವೆಬ್’ ಎಂದು ಕರೆದರು.

ಆ ತಾಣದ ವೇಗ ಎಂತಹುದೆಂಬುದನ್ನು ಹೇಳಲೇಬೇಕು. ಓದುತ್ತಿದ್ದವರು ಪುಟದ ಬುಡದಲ್ಲಿದ್ದ ಕೊಂಡಿಯನ್ನು ಒತ್ತಿ ಅಲ್ಲಿಯೇ ಬರಹವನ್ನು ತಿದ್ದಬಹುದಿತ್ತು. ಎರಡು ಇಂಗ್ಲಿಷ್ ಪದಗಳನ್ನು ನಡುವೆ ಜಾಗ ಬಿಡದೆ, ಎರಡರ ಮೊದಲಕ್ಷರವನ್ನೂ ದೊಡ್ಡದಾಗಿ ಬರೆದರೆ ಅದೇ ಕೊಂಡಿಯಾಗುತ್ತಿತ್ತು. ಆ ಹೆಸರಿನ ಪುಟ ಇನ್ನೂ ಇಲ್ಲದಿದ್ದರೆ ಪದದ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಮೂಡುತ್ತಿತ್ತು, ಅದನ್ನು ಒತ್ತಿದರೆ ಹೊಸ ಪುಟ ಬರೆಯಲು ಸಿದ್ಧವಾಗುತ್ತಿತ್ತು. ಇಂಗ್ಲಿಷ್ ಮೊದಲಕ್ಷರಗಳ ವಿವರಣೆಯನ್ನು ಆಮೇಲೆ ಯಾರೋ ಹೊಂದಿಸಿದ್ದಾರೆ, ಅಷ್ಟೇ.

ಉತ್ತರ 2:
ಮೇಲಿನವರ ಮಾತಿಗೆ ಒಂದು ಸೇರ್ಪಡೆ. ‘ವಿಕಿವಿಕಿ’ ಎಂಬುದು ನಮ್ಮ ವ್ಯಾಕರಣ ಹೇಳುವ ದ್ವಿರುಕ್ತಿಯೇ ಆಗಿದೆ. ಅವಸರವನ್ನು ತೋರಿಸಲು ನಾವು ‘ಬೇಗಬೇಗ’ ಎನ್ನುವಂತೆ ಅವರೂ ಅದೇ ಪದವನ್ನು ಎರಡು ಸಲ ಹೇಳುತ್ತಾರೆ. ತರಗತಿಯಲ್ಲಿ ದ್ವಿರುಕ್ತಿಯ ಪಾಠ ಮಾಡುವಾಗ ಈ ಉದಾಹರಣೆಯನ್ನು ಕೊಟ್ಟರೆ ಮಕ್ಕಳು ಮರೆಯಲಾರರು.

ಉತ್ತರ 3:
ಮೊಟಕು ರೂಪದ ವಿಷಯ ಉಳಿದಿದೆ. ವಿಕಿ ಎಂಬುದು ಓದುಗರೇ ತಿದ್ದಬಹುದಾದ ತಾಣಗಳ ಸಾಮಾನ್ಯ ಹೆಸರು. ವಿಕಿಪೀಡಿಯ ಅವುಗಳಲ್ಲಿ ಒಂದು. ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಮೊದಲು ನಡೆಸುತ್ತಿದ್ದ ‘ನ್ಯೂಪೀಡಿಯ’ ಎಂಬ ವಿಶ್ವಕೋಶದಲ್ಲಿ ಪ್ರತಿ ಲೇಖನವೂ ತಜ್ಞರ ಪರಿಶೀಲನೆಯ ಏಳು ಹಂತಗಳನ್ನು ದಾಟಬೇಕಿದ್ದುದರಿಂದ ಕೆಲಸ ತೀರಾ ನಿಧಾನವಾಗಿ ಸಾಗುತ್ತಿತ್ತು. ಆಗ ಅವರು ಕನ್ನಿಂಗ್‌ಹ್ಯಾಮ್ ಅವರ ವಿಧಾನವನ್ನು ತೆಗೆದುಕೊಂಡು 2001ರ ಜನವರಿ 15ರಂದು ವಿಕಿಪೀಡಿಯವನ್ನು ಆರಂಭಿಸಿದರು. ಕನ್ನಡದ ಆವೃತ್ತಿ 2003ರಲ್ಲಿ ಆರಂಭವಾಯಿತು. ಹಳೆಯ ಗ್ರಂಥಗಳ ಪಠ್ಯವಿರುವ ಕನ್ನಡ ವಿಕಿಸೋರ್ಸ್ ಬೇರೆಯೇ ಇದೆ.

ಆದ್ದರಿಂದ ‘ಆಧಾರ: ವಿಕಿ’ ಎಂದರೆ ಯಾವ ತಾಣವೆಂಬುದೇ ತಿಳಿಯುವುದಿಲ್ಲ. ತಾಣದ ಹೆಸರು, ಲೇಖನದ ಶೀರ್ಷಿಕೆ ಮತ್ತು ನೋಡಿದ ದಿನಾಂಕ, ಈ ಮೂರನ್ನೂ ಬರೆಯಿಸಿರಿ. ಪುಟ ನಾಳೆ ಬದಲಾದರೂ, ಅದರ ಇತಿಹಾಸವನ್ನು ತೆರೆದು ಆ ದಿನಾಂಕದ ರೂಪವನ್ನು ನೀವೇ ಪರಿಶೀಲಿಸಬಹುದು.